ಯಂತ್ರದ ಮರಣಪೂರ್ವ ಹೇಳಿಕೆ: ಹಾರ್ಡ್‌ವೇರ್ ದೋಷಗಳನ್ನು ಕರ್ನಲ್ ದಾಖಲಿಸುವ ಬಗೆ

ರಾತ್ರಿ ಯಾವುದೋ ಹೊತ್ತಿನಲ್ಲಿ ಸರ್ವರ್ ಒಂದು ಇದ್ದಕ್ಕಿದ್ದಂತೆ ನಿಂತು, ತಾನಾಗಿಯೇ ಮತ್ತೆ ಚಾಲೂ ಆಗಿರುತ್ತದೆ. ಬೆಳಿಗ್ಗೆ ಲಾಗ್ ತೆರೆದರೆ, ನಿಲ್ಲುವ ಮುಂಚಿನ ಕೊನೆಯ ಸಾಲು ಯಾವುದೋ ದಿನನಿತ್ಯದ ಕೆಲಸದ್ದು. ಅದರಲ್ಲಿ ಅಪಾಯದ ಸುಳಿವೇ ಇಲ್ಲ. ಆದರೆ ಮತ್ತೆ ಚಾಲೂ ಆದ ಮೇಲಿನ ಮೊದಲ ಸಾಲುಗಳ ನಡುವೆ ಬೇರೊಂದು ಸುದ್ದಿ ಕಾಣುತ್ತದೆ: ಹಾರ್ಡ್‌ವೇರ್ ದೋಷ, ಇಂಥ ಸಿಪಿಯು, ಇಂಥ ಬ್ಯಾಂಕ್, ಹದಿನಾರು ಅಂಕೆಗಳ ಒಂದು ಹೆಕ್ಸ್ ಸಂಖ್ಯೆ. ಘಟನೆ ನಡೆದದ್ದು ಯಂತ್ರ ಸಾಯುವಾಗ, ವರದಿ ಬಂದದ್ದು ಅದು ಮತ್ತೆ ಎದ್ದ ಮೇಲೆ. ನಡುವಿನ ಕತ್ತಲೆಯಲ್ಲಿ ಈ ಸುದ್ದಿಯನ್ನು ಕಾದಿಟ್ಟವರು ಯಾರು?

ಆಪರೇಟಿಂಗ್ ಸಿಸ್ಟಂನ ತಿರುಳಾಗಿ, ಹಾರ್ಡ್‌ವೇರನ್ನು ನೇರವಾಗಿ ನಡೆಸುವ ಕರ್ನಲ್ ಮಾಡುವ ಕೆಲಸಗಳಲ್ಲಿ ನನಗೆ ತುಂಬ ಗೌರವ ಇರುವುದು ಇದರ ಮೇಲೆ. ಉಳಿದೆಲ್ಲ ಕೆಲಸಗಳಲ್ಲಿ ಕರ್ನಲ್ ಹಾರ್ಡ್‌ವೇರನ್ನು ನಂಬಿ ಮುಂದುವರಿಯುತ್ತದೆ. ಎರಡು ಸಂಖ್ಯೆ ಕೂಡಿಸಿದರೆ ಸರಿಯಾದ ಮೊತ್ತ ಬರುತ್ತದೆ, ಮೆಮೊರಿಯಲ್ಲಿ ಇಟ್ಟದ್ದು ಇಟ್ಟಂತೆಯೇ ಸಿಗುತ್ತದೆ ಎಂಬ ನಂಬಿಕೆಯೇ ಅದರ ಅಡಿಪಾಯ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ದೋಷ ದಾಖಲೆಯನ್ನು ನಿಭಾಯಿಸುವ ಕರ್ನಲ್ ಭಾಗ ಈ ಪರಿಸ್ಥಿತಿಗಾಗಿಯೇ ಹುಟ್ಟಿದೆ. ಮುರಿದ ಪ್ರೊಸೆಸರ್ ಮೇಲೆ ಓಡುತ್ತಲೇ, ಆ ಪ್ರೊಸೆಸರ್ ಹೇಗೆ ಮುರಿಯಿತು ಎಂಬುದನ್ನು ಅದು ಬರೆದಿಡಬೇಕು.

ಮೆಮೊರಿ ಚಿಪ್‌ನಲ್ಲಿ ಒಂದು ಬಿಟ್ ಎಂದರೆ ಅತಿ ಚಿಕ್ಕದೊಂದು ವಿದ್ಯುದಂಶ. ಚಿಪ್‌ನ ಹೊದಿಕೆಯಲ್ಲಿರುವ ವಿಕಿರಣಶೀಲ ಕಲ್ಮಶಗಳಿಂದ ಹೊರಡುವ ಆಲ್ಫಾ ಕಣಗಳು ಅದನ್ನು ಮಗುಚಬಲ್ಲವು ಎಂಬುದು 1970ರ ದಶಕದ ಕೊನೆಯಲ್ಲೇ ಗೊತ್ತಾಗಿತ್ತು. ಅಂತರಿಕ್ಷದಿಂದ ಬರುವ ಕಿರಣಗಳೂ ಅದೇ ಕೆಲಸ ಮಾಡುತ್ತವೆ. ಇವು ಒಮ್ಮೆ ಬಂದು ಹೋಗುವ ದೋಷಗಳು. ಇನ್ನು ಕೆಲವು ದೋಷಗಳು ಉಳಿದುಕೊಳ್ಳುತ್ತವೆ: ಸವೆದ ಕೋಶ, ಸಡಿಲಗೊಂಡ ಸಂಪರ್ಕ, ಹಳಸಿದ ತಂತು. ಗೂಗಲ್‌ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ಶೇಕಡಾ 8ಕ್ಕಿಂತ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ (ಮೆಮೊರಿ ಚಿಪ್‌ಗಳನ್ನು ಕೂರಿಸಿದ ಹಲಗೆಗಳಲ್ಲಿ) ದೋಷ ಕಾಣಿಸಿಕೊಂಡಿತ್ತು. ಅಲ್ಲಿಯವರೆಗೆ ಊಹಿಸಿದ್ದಕ್ಕಿಂತ ಇದು ಬಹಳ ಹೆಚ್ಚು.

ಸರ್ವರ್‌ಗಳಲ್ಲಿ ಇದಕ್ಕೊಂದು ರಕ್ಷಣೆ ಇದೆ. ಪ್ರತಿ 64 ಬಿಟ್ ಮಾಹಿತಿಯ ಜೊತೆ 8 ಬಿಟ್ ಪರಿಶೀಲನಾ ಸಂಕೇತವನ್ನೂ ಇಡುವುದು ಇದರ ಪ್ರಸಿದ್ಧ ರೂಪ. ಒಂದು ಬಿಟ್ ತಪ್ಪಿದರೆ ಸಂಕೇತದಿಂದ ತಿದ್ದಬಹುದು, ಎರಡು ತಪ್ಪಿದರೆ ತಪ್ಪಿದೆ ಎಂದು ತಿಳಿಯಬಹುದೇ ಹೊರತು ತಿದ್ದಲಾಗದು. ಇದನ್ನೇ ಇಸಿಸಿ ಎನ್ನುತ್ತಾರೆ. ಹೀಗಾಗಿ ಹಾರ್ಡ್‌ವೇರ್ ಎರಡು ಬಗೆಯ ಸುದ್ದಿ ತರುತ್ತದೆ. ಒಂದು, "ತಪ್ಪಾಗಿತ್ತು, ತಿದ್ದಿದ್ದೇನೆ" ಎಂಬುದು. ಇನ್ನೊಂದು, "ತಪ್ಪಾಗಿದೆ, ನನ್ನ ಕೈಮೀರಿದೆ" ಎಂಬುದು. ಎರಡನ್ನೂ ಬರೆದಿಡಬೇಕು. ಅವಸರ ಮಾತ್ರ ಬೇರೆ ಬೇರೆ.

ಅರವತ್ತನಾಲ್ಕು ಬಿಟ್‌ಗಳ ಸಾಕ್ಷಿ

ಇಂಟೆಲ್, ಎಎಂಡಿ ಕಂಪನಿಗಳ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಈ ವ್ಯವಸ್ಥೆಗೆ ಮಶೀನ್ ಚೆಕ್ ಆರ್ಕಿಟೆಕ್ಚರ್ ಎಂದು ಹೆಸರು. ಪ್ರೊಸೆಸರ್‌ನ ಬೇರೆ ಬೇರೆ ಭಾಗಗಳಿಗೆ, ಅಂದರೆ ಕ್ಯಾಶ್, ಮೆಮೊರಿ ನಿಯಂತ್ರಕ, ಒಳಗಿನ ಸಂಪರ್ಕ ಜಾಲ ಇತ್ಯಾದಿಗಳಿಗೆ, ಒಂದೊಂದು ರಿಜಿಸ್ಟರ್ ಗುಂಪು ಇರುತ್ತದೆ. ರಿಜಿಸ್ಟರ್ ಎಂದರೆ ಪ್ರೊಸೆಸರ್‌ನ ಒಳಗೇ ಒಂದು ಸಂಖ್ಯೆಯನ್ನು ಹಿಡಿದಿಡುವ ಪುಟ್ಟ ಜಾಗ. ಈ ಗುಂಪನ್ನು ಬ್ಯಾಂಕ್ ಎನ್ನುತ್ತಾರೆ. ಬ್ಯಾಂಕ್‌ನಲ್ಲಿ ಮುಖ್ಯವಾಗಿ ನಾಲ್ಕು ರಿಜಿಸ್ಟರ್‌ಗಳು: ಯಾವ ದೋಷಗಳನ್ನು ವರದಿ ಮಾಡಬೇಕೆಂದು ಹೇಳುವ ನಿಯಂತ್ರಣ, ಏನಾಯಿತೆಂದು ಹೇಳುವ ಸ್ಥಿತಿ, ಎಲ್ಲಾಯಿತೆಂದು ಹೇಳುವ ವಿಳಾಸ, ಉಳಿದ ವಿವರಗಳಿಗೊಂದು.

ಇವುಗಳಲ್ಲಿ ಸ್ಥಿತಿ ರಿಜಿಸ್ಟರನ್ನು ನಿಧಾನವಾಗಿ ಓದಬೇಕು, ಏಕೆಂದರೆ ಅದರ ವಿನ್ಯಾಸದಲ್ಲಿ ದೊಡ್ಡ ಪ್ರಾಮಾಣಿಕತೆ ಇದೆ. ಬಿಟ್‌ಗಳನ್ನು ಸೊನ್ನೆಯಿಂದ ಎಣಿಸಿದರೆ, ತುದಿಯ 63ನೆಯ ಬಿಟ್ "ಇಲ್ಲಿ ನಿಜವಾಗಿ ದಾಖಲೆ ಇದೆ" ಎನ್ನುತ್ತದೆ. ಅದು ಸೊನ್ನೆಯಾಗಿದ್ದರೆ ಉಳಿದ ಬಿಟ್‌ಗಳಲ್ಲಿ ಏನಿದ್ದರೂ ಲೆಕ್ಕಕ್ಕಿಲ್ಲ. 61ನೆಯದು ತಿದ್ದಲಾಗದ ದೋಷದ ಗುರುತು. 58ನೆಯದು "ವಿಳಾಸ ರಿಜಿಸ್ಟರ್‌ನಲ್ಲಿರುವುದನ್ನು ನಂಬಬಹುದು" ಎಂಬ ಸೂಚನೆ. 57ನೆಯದು ಹೊತ್ತಿದ್ದರೆ, ಅಂದರೆ 1 ಆಗಿದ್ದರೆ, ಪ್ರೊಸೆಸರ್‌ನ ಒಳಸ್ಥಿತಿಯೇ ಕೆಟ್ಟಿರಬಹುದು ಎಂದು ಅರ್ಥ. ಅಂಥ ಸಂದರ್ಭದಲ್ಲಿ ಮುಂದುವರಿಯುವುದು ಸುರಕ್ಷಿತವಲ್ಲ. ಅಡಿಯ 16 ಬಿಟ್‌ಗಳಲ್ಲಿ ದೋಷದ ಸಂಕೇತ ಇರುತ್ತದೆ.

62ನೆಯ ಬಿಟ್ ನನಗೆ ಎಲ್ಲಕ್ಕಿಂತ ಪ್ರಿಯ. ಹಿಂದಿನ ದಾಖಲೆಯನ್ನು ಯಾರೂ ಓದುವ ಮೊದಲೇ ಅದೇ ಬ್ಯಾಂಕ್‌ನಲ್ಲಿ ಮತ್ತೊಂದು ದೋಷ ಸಂಭವಿಸಿದರೆ ಈ ಬಿಟ್ ಹೊತ್ತಿಕೊಳ್ಳುತ್ತದೆ. ಜಾಗ ಒಂದೇ, ಸುದ್ದಿ ಎರಡು. ತಿದ್ದಿದ ದೋಷದ ದಾಖಲೆ ಇದ್ದ ಜಾಗಕ್ಕೆ ತಿದ್ದಲಾಗದ ದೋಷ ಬಂದರೆ ಹೊಸದು ಹಳೆಯದನ್ನು ಅಳಿಸಿ ಕೂರುತ್ತದೆ. ಮೊದಲೇ ತಿದ್ದಲಾಗದ ದೋಷ ಇದ್ದರೆ ಅದೇ ಉಳಿಯುತ್ತದೆ, ಹೊಸದು ಕಳೆದುಹೋಗುತ್ತದೆ. ಹೇಗಾದರೂ ಒಂದು ಸುದ್ದಿ ನಷ್ಟ. ಆದರೆ ನಷ್ಟವಾಗಿದೆ ಎಂಬ ಸಂಗತಿ ಮಾತ್ರ ಉಳಿಯುತ್ತದೆ. ತನಗೆ ಎಲ್ಲವೂ ಗೊತ್ತಿಲ್ಲ ಎಂದು ಹೇಳುವ ಸಾಕ್ಷಿಯ ಮಾತಿಗೆ ಹೆಚ್ಚು ತೂಕ ಇರುತ್ತದೆ.

ಹಾಗಾಗಿ ಕರ್ನಲ್‌ನ ಮೊದಲ ಕರ್ತವ್ಯ ಕ್ರಮಬದ್ಧವಾಗಿ ಓದುವುದು. ಮೊದಲು ಸ್ಥಿತಿ, ಅದು ನಂಬಬಹುದೆಂದು ಹೇಳಿದರೆ ಮಾತ್ರ ವಿಳಾಸ, ಆಮೇಲೆ ಉಳಿದ ವಿವರ. ವಿಳಾಸವೂ ಬೈಟ್‌ವರೆಗೆ ನಿಖರವಾಗಿರಬೇಕೆಂದಿಲ್ಲ. ಎಷ್ಟನೆಯ ಬಿಟ್‌ನಿಂದ ಮೇಲಕ್ಕೆ ಅದನ್ನು ನಂಬಬೇಕೆಂದು ವಿವರಗಳ ರಿಜಿಸ್ಟರ್ ಹೇಳುತ್ತದೆ. ಎಲ್ಲವನ್ನೂ ನಕಲು ಮಾಡಿಕೊಂಡ ಮೇಲೆ, ಮುಂದಿನ ದೋಷಕ್ಕೆ ಜಾಗ ಬಿಡಲು ಸ್ಥಿತಿ ರಿಜಿಸ್ಟರ್‌ಗೆ ಸೊನ್ನೆ ಬರೆಯಬೇಕು.

ಇದಕ್ಕೊಂದು ಮುಖ್ಯ ಅಪವಾದ ಇದೆ, ಮೊದಲು ಕೇಳಿದ ಪ್ರಶ್ನೆಗೆ ಉತ್ತರವೂ ಅಲ್ಲೇ ಇದೆ. ದೋಷ ಪ್ರಾಣಾಂತಿಕ ಎಂದು ಕಂಡರೆ ಲಿನಕ್ಸ್ ಕರ್ನಲ್ ಈ ರಿಜಿಸ್ಟರ್‌ಗಳನ್ನು ಅಳಿಸದೆ ಹಾಗೆಯೇ ಬಿಡುತ್ತದೆ. ವಿದ್ಯುತ್ ಕಡಿಯದೆ ಯಂತ್ರವನ್ನು ಮರುಚಾಲನೆ ಮಾಡಿದಾಗ ಬ್ಯಾಂಕ್‌ಗಳಲ್ಲಿ ಇದ್ದದ್ದು ಇದ್ದಂತೆಯೇ ಉಳಿಯುತ್ತದೆ. ಹೊಸದಾಗಿ ಎದ್ದ ಕರ್ನಲ್ ತನ್ನ ಮೊದಲ ಕೆಲಸಗಳ ನಡುವೆ ಅವನ್ನು ತೆರೆದು ನೋಡುತ್ತದೆ, ಹಳೆಯ ಹೇಳಿಕೆ ಸಿಕ್ಕರೆ ಲಾಗ್‌ಗೆ ಬರೆಯುತ್ತದೆ. ಬೆಳಿಗ್ಗೆ ಕಂಡ ಆ ಸಾಲು ಬಂದದ್ದು ಹೀಗೆ. ಗಾಬರಿಯಲ್ಲಿ ವಿದ್ಯುತ್ ಗುಂಡಿಯನ್ನೇ ಒತ್ತಿ ಪೂರ್ತಿ ಆರಿಸಿದ್ದರೆ ಅದು ಸಿಗುತ್ತಿರಲಿಲ್ಲ.

ಬರೆಯುವ ಕೈಯೇ ನಡುಗುವಾಗ

ತಿದ್ದಲಾಗದ ದೋಷ ಬಂದಾಗ ಪ್ರೊಸೆಸರ್ 18ನೆಯ ಸಂಖ್ಯೆಯ ಎಕ್ಸೆಪ್ಷನ್ ಎಬ್ಬಿಸುತ್ತದೆ, ಅಂದರೆ ನಡೆಯುತ್ತಿರುವ ಕೆಲಸವನ್ನು ತಡೆದು ಕರ್ನಲನ್ನು ತುರ್ತಾಗಿ ಕರೆಯುತ್ತದೆ. ಈ ಎಕ್ಸೆಪ್ಷನ್‌ನ ಹೆಸರೇ ಮಶೀನ್ ಚೆಕ್. ಇದು ಕಾಲ, ದೇಶ ನೋಡಿ ಬರುವುದಿಲ್ಲ. ಕರ್ನಲ್ ಒಂದು ಲಾಕ್ (ಒಮ್ಮೆಗೆ ಒಬ್ಬರೇ ಕೈಯಿಡುವಂತೆ ಕಾಯುವ ಬೀಗ) ಹಿಡಿದು ತನ್ನ ಮಾಹಿತಿಯ ಪಟ್ಟಿಯೊಂದನ್ನು ತಿದ್ದುವ ಅರೆಕ್ಷಣದಲ್ಲೂ ಬರಬಹುದು. ಎಕ್ಸೆಪ್ಷನ್ ನಿಭಾಯಿಸುವ ಕೋಡ್ ಅದೇ ಲಾಕ್‌ಗಾಗಿ ಕಾಯತೊಡಗಿದರೆ ಅದು ಎಂದೂ ಸಿಗುವುದಿಲ್ಲ. ಲಾಕ್ ಹಿಡಿದಿರುವ ಕೋಡ್ ಇದರ ಕೆಳಗೇ ಸಿಕ್ಕಿಬಿದ್ದಿದೆ! ಆದ್ದರಿಂದ ಇಲ್ಲಿ ಲಾಕ್ ಹಿಡಿಯುವಂತಿಲ್ಲ, ಹೊಸದಾಗಿ ಮೆಮೊರಿ ಕೇಳುವಂತಿಲ್ಲ, ಮಾಮೂಲಿನಂತೆ ಪರದೆಗೆ ಮುದ್ರಿಸುವುದು ಕೂಡ ಸುರಕ್ಷಿತವಲ್ಲ. ಸಾಲದ್ದಕ್ಕೆ, ಒಂದನ್ನು ನಿಭಾಯಿಸುತ್ತಿರುವಾಗಲೇ ಅದೇ ಪ್ರೊಸೆಸರ್‌ನಲ್ಲಿ ಮತ್ತೊಂದು ಮಶೀನ್ ಚೆಕ್ ಬಂದರೆ ಪ್ರೊಸೆಸರ್ ಸ್ಥಗಿತಗೊಂಡುಬಿಡುತ್ತದೆ.

ಲಿನಕ್ಸ್ ಕಂಡುಕೊಂಡ ದಾರಿ ಸರಳ, ಸೊಗಸು. ಸ್ವಲ್ಪ ಮೆಮೊರಿಯನ್ನು ಯಂತ್ರ ಚಾಲೂ ಆಗುವಾಗಲೇ ಎತ್ತಿಡಲಾಗುತ್ತದೆ. ಅದರಿಂದ ಲಾಕ್ ಇಲ್ಲದೆಯೇ ಒಂದು ತುಣುಕು ಪಡೆದು, ದಾಖಲೆಯನ್ನು ಅದರಲ್ಲಿ ತುಂಬಿ, ಲಾಕ್ ಬೇಡದ ಸರಪಣಿಗೆ ಸಿಕ್ಕಿಸಿ, "ಆಮೇಲೆ ನೋಡಿ" ಎಂದು ತನಗೆ ತಾನೇ ಒಂದು ಇಂಟರಪ್ಟ್ (ಗಮನ ಸೆಳೆಯುವ ಕರೆ) ಕಳಿಸಿಕೊಂಡು ಹೊರಬರುತ್ತದೆ. ಪರಿಸ್ಥಿತಿ ತಿಳಿಯಾದ ಮೇಲೆ ಮಾಮೂಲಿ ಕೆಲಸಗಳ ಸರದಿಯಲ್ಲಿ ಆ ದಾಖಲೆಗಳನ್ನು ಎತ್ತಿಕೊಂಡು, ಕೇಳಬಯಸುವ ಎಲ್ಲ ಭಾಗಗಳಿಗೂ ಹಂಚುತ್ತದೆ. ಒಂದು ಭಾಗ ವಿಳಾಸವನ್ನು ಬಿಡಿಸುತ್ತದೆ, ಇನ್ನೊಂದು ಎಣಿಕೆ ಇಡುತ್ತದೆ, ಮತ್ತೊಂದು ಹೊರಗಿನ ರಾಸ್‌ಡೀಮನ್ ಎಂಬ ಪ್ರೋಗ್ರಾಂಗೆ ತಲುಪಿಸುತ್ತದೆ. ಅದು ದಾಖಲೆಗಳನ್ನು ಚಿಕ್ಕದೊಂದು ದತ್ತಸಂಚಯದಲ್ಲಿ ಕೂಡಿಡುತ್ತದೆ.

ಒಂದೊಂದು ದಾಖಲೆಯೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು ಎಂಬುದು ಇಲ್ಲಿನ ನಿಯಮ. ಬ್ಯಾಂಕ್‌ನ ರಿಜಿಸ್ಟರ್‌ಗಳ ಜೊತೆಗೆ ಸಮಯ, ಸಿಪಿಯು ಸಂಖ್ಯೆ, ಸಾಕೆಟ್, ಪ್ರೊಸೆಸರ್ ಮಾದರಿ, ಮೈಕ್ರೋಕೋಡ್ ಆವೃತ್ತಿ, ಲಭ್ಯವಿದ್ದರೆ ಆ ಚಿಪ್‌ಗೇ ವಿಶಿಷ್ಟವಾದ ಗುರುತಿನ ಸಂಖ್ಯೆ ಕೂಡ ಸೇರುತ್ತವೆ. ಏಕೆಂದರೆ ಇದನ್ನು ಓದುವವರು ವಾರಗಳ ನಂತರ, ಬೇರೊಂದು ಯಂತ್ರದ ಮುಂದೆ ಕುಳಿತಿರಬಹುದು. ಅಷ್ಟರಲ್ಲಿ ದೋಷವಿದ್ದ ಪ್ರೊಸೆಸರನ್ನು ಬೇರೆ ಸಾಕೆಟ್‌ಗೆ ಬದಲಿಸಿಯೂ ಇರಬಹುದು.

ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಹುಕಾಲ ಮಶೀನ್ ಚೆಕ್ ಎಂದರೆ ಎಲ್ಲ ಸಿಪಿಯುಗಳಿಗೂ ಒಟ್ಟಿಗೇ ಬಡಿಯುತ್ತಿತ್ತು. ಎಲ್ಲವೂ ಕೆಲಸ ನಿಲ್ಲಿಸಿ ಒಂದೆಡೆ ಸೇರಬೇಕು. ಮೊದಲು ಬಂದ ಸಿಪಿಯುವನ್ನು ಲಿನಕ್ಸ್ ಕೋಡ್‌ನಲ್ಲಿ ಅರಸ ಎಂದೇ ಕರೆದಿದ್ದಾರೆ. ಉಳಿದವು ಪ್ರಜೆಗಳು. ಎಲ್ಲರ ಬ್ಯಾಂಕ್‌ಗಳ ವರದಿ ಒಟ್ಟಾದ ಮೇಲೆ ಅತ್ಯಂತ ಗಂಭೀರವಾದದ್ದು ಯಾವುದೆಂದು ಅರಸ ನೋಡಿ, ಯಂತ್ರ ಬದುಕಬೇಕೇ ನಿಲ್ಲಬೇಕೇ ಎಂದು ತೀರ್ಮಾನಿಸುತ್ತದೆ. ನಿಗದಿತ ಸಮಯದೊಳಗೆ ಯಾವುದಾದರೂ ಸಿಪಿಯು ಬಾರದಿದ್ದರೆ ಅದೇ ಒಂದು ಅಪಶಕುನ. ಆಮೇಲೆ ಬಂದ ಪ್ರೊಸೆಸರ್‌ಗಳಲ್ಲಿ, ದೋಷಕ್ಕೆ ಸಿಕ್ಕ ಸಿಪಿಯುವಿಗೆ ಮಾತ್ರ ಸುದ್ದಿ ಮುಟ್ಟಿಸುವ ವ್ಯವಸ್ಥೆ ಬಂತು. ನೂರಾರು ಸಿಪಿಯುಗಳಿರುವ ಯಂತ್ರಕ್ಕೆ ಅದು ದೊಡ್ಡ ನೆಮ್ಮದಿ.

ತೀರ್ಮಾನದ ಬಗ್ಗೆ ಹೇಳಬೇಕು. ತಿದ್ದಲಾಗದ ದೋಷ ಎಂದಾಕ್ಷಣ ಇಡೀ ಯಂತ್ರ ನಿಲ್ಲಲೇಬೇಕೆಂದಿಲ್ಲ. ಪ್ರೊಸೆಸರ್‌ನ ಒಳಸ್ಥಿತಿ ಚೆನ್ನಾಗಿದ್ದು, ಮೆಮೊರಿಯ ಒಂದು ಪುಟ (ಕರ್ನಲ್ ಮೆಮೊರಿಯನ್ನು ಹಂಚುವ ನಿಗದಿತ ಅಳತೆಯ ತುಂಡು) ಮಾತ್ರ ಕೆಟ್ಟಿದ್ದರೆ, ಆ ಪುಟ ಯಾರದ್ದು ಎಂದು ಕರ್ನಲ್ ವಿಚಾರಿಸುತ್ತದೆ. ಲಿನಕ್ಸ್‌ನಲ್ಲಿ ಈ ಸೌಲಭ್ಯ 2009ರಲ್ಲಿ, 2.6.32ನೆಯ ಆವೃತ್ತಿಯಲ್ಲಿ ಸೇರಿತು. ಪುಟ ಖಾಲಿ ಇದ್ದರೆ ಅದನ್ನು ಬದಿಗಿಟ್ಟು ಇನ್ನೆಂದೂ ಯಾರಿಗೂ ಕೊಡದಿದ್ದರೆ ಸಾಕು. ಡಿಸ್ಕ್‌ನಲ್ಲಿರುವ ಕಡತದ ನಕಲು ಮಾತ್ರವಾಗಿದ್ದು, ಅದರಲ್ಲಿ ಬದಲಾವಣೆ ಆಗಿರದಿದ್ದರೆ ಎಸೆದು ಡಿಸ್ಕ್‌ನಿಂದ ಮತ್ತೆ ಓದಬಹುದು. ಯಾರಿಗೂ ನಷ್ಟವಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಒಂದು ಪ್ರೋಗ್ರಾಂನ ಸ್ವಂತ ಮಾಹಿತಿ ಅಲ್ಲಿದ್ದರೆ ಆ ಪ್ರೋಗ್ರಾಂಗೆ ಸಿಗ್‌ಬಸ್ ಎಂಬ ಸಂಕೇತ ಹೋಗುತ್ತದೆ, ಜೊತೆಗೆ ಯಾವ ವಿಳಾಸ ಕೆಟ್ಟಿದೆ ಎಂಬುದೂ ಹೋಗುತ್ತದೆ. ಜಾಣ ಪ್ರೋಗ್ರಾಂ ಆದರೆ ಆ ತುಣುಕನ್ನು ಬಿಟ್ಟು ಬದುಕಿಕೊಳ್ಳುತ್ತದೆ, ಇಲ್ಲವಾದರೆ ಅದೊಂದೇ ಸಾಯುತ್ತದೆ. ಪುಟ ಕರ್ನಲ್‌ನದೇ ಆಗಿದ್ದರೆ ಸಾಮಾನ್ಯವಾಗಿ ಬೇರೆ ದಾರಿ ಉಳಿಯುವುದಿಲ್ಲ. ಈ ಎಲ್ಲ ವಿವೇಚನೆ ನಿಂತಿರುವುದು ದಾಖಲೆಯ ಒಂದೇ ಒಂದು ಸಂಗತಿಯ ಮೇಲೆ: ವಿಳಾಸ ನಂಬಲರ್ಹವೇ ಎಂಬುದು. 58ನೆಯ ಬಿಟ್ ಸೊನ್ನೆ ಆಗಿದ್ದರೆ ಕೆಟ್ಟ ಪುಟ ಯಾರದ್ದೆಂದೇ ತಿಳಿಯದು. ಆಗ ಒಬ್ಬರ ತಪ್ಪಿಗೆ ಎಲ್ಲರೂ ನಿಲ್ಲಬೇಕಾಗುತ್ತದೆ.

ಇನ್ನು ತಿದ್ದಿದ ದೋಷಗಳು. ಇವುಗಳಿಗೆ ಎಕ್ಸೆಪ್ಷನ್ ಇಲ್ಲ. ಪ್ರೊಸೆಸರ್ ಮೆಲ್ಲನೆ ಒಂದು ಇಂಟರಪ್ಟ್ ಕಳಿಸಬಹುದು, ಇಲ್ಲವೇ ಕರ್ನಲ್ ತಾನೇ ಆಗಾಗ ಹೋಗಿ ನೋಡಿಬರುತ್ತದೆ. ಲಿನಕ್ಸ್‌ನಲ್ಲಿ ಈ ಸುತ್ತು ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ. ದೋಷ ಸಿಕ್ಕರೆ ಅಂತರ ಅರ್ಧಕ್ಕಿಳಿಯುತ್ತದೆ, ಸಿಗದಿದ್ದರೆ 5 ನಿಮಿಷದ ಮಿತಿಯವರೆಗೆ ಇಮ್ಮಡಿಯಾಗುತ್ತದೆ. ಒಂದು ಕೆಟ್ಟ ಮೆಮೊರಿ ಕೋಶ ಇಂಟರಪ್ಟ್‌ಗಳ ಸುರಿಮಳೆಯನ್ನೇ ಸುರಿಸಬಲ್ಲದು. ಆಗ ಕರ್ನಲ್ ಇಂಟರಪ್ಟ್ ಬಾಗಿಲು ಮುಚ್ಚಿ, ಮಳೆ ನಿಲ್ಲುವವರೆಗೆ ತಾನೇ ಹೋಗಿ ನೋಡುವ ಕ್ರಮಕ್ಕೆ ಬದಲಾಗುತ್ತದೆ.

ತಿದ್ದಿದ ದೋಷ ತಾನೇ, ಬಿಡಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ ಅಧ್ಯಯನದಲ್ಲೇ ಕಂಡದ್ದೇನೆಂದರೆ, ತಿದ್ದಿದ ದೋಷ ಕಾಣಿಸಿಕೊಂಡ ಮೆಮೊರಿ ಪಟ್ಟಿಯಲ್ಲಿ ಮುಂದೆ ತಿದ್ದಲಾಗದ ದೋಷ ಬರುವ ಸಂಭವ ಹಲವು ಪಟ್ಟು ಹೆಚ್ಚು. ಒಂದು ಪುಟದಲ್ಲಿ ಒಮ್ಮೆ ದೋಷ ಬಂದರೆ ಅಂತರಿಕ್ಷದ ಕಿರಣ ಎನ್ನಬಹುದು. ಅದೇ ಪುಟದಲ್ಲಿ ಮತ್ತೆ ಮತ್ತೆ ಬಂದರೆ ಅಲ್ಲೊಂದು ಗಾಯ ಇದೆ. ಇದಕ್ಕಾಗಿ ಕರ್ನಲ್ ಪುಟವಾರು ಎಣಿಕೆ ಇಟ್ಟು, ದಿನ ಕಳೆದಂತೆ ಹಳೆಯ ಎಣಿಕೆಯನ್ನು ಕುಗ್ಗಿಸುತ್ತಾ ಬರುತ್ತದೆ. ಮಿತಿ ಮೀರಿದ ಪುಟದಲ್ಲಿನ ಮಾಹಿತಿಯನ್ನು, ಅದಿನ್ನೂ ಸರಿಯಾಗಿರುವಾಗಲೇ, ಬೇರೆಡೆಗೆ ಸಾಗಿಸಿ ಆ ಪುಟಕ್ಕೆ ನಿವೃತ್ತಿ ಕೊಡುತ್ತದೆ.

ಆದರೆ ಭೌತಿಕ ವಿಳಾಸ ಒಂದನ್ನು ಕೈಗಿಟ್ಟರೆ ಯಂತ್ರ ಬಿಚ್ಚಲು ಬಂದವರಿಗೆ ಏನು ಉಪಯೋಗ? ಅವರಿಗೆ ಬೇಕಾದದ್ದು ಯಾವ ಪಟ್ಟಿಯನ್ನು ಕೀಳಬೇಕು ಎಂಬ ಉತ್ತರ. ವೇಗಕ್ಕಾಗಿ ಪಕ್ಕಪಕ್ಕದ ವಿಳಾಸಗಳನ್ನು ಬೇರೆ ಬೇರೆ ಪಟ್ಟಿಗಳಿಗೆ ಹೆಣೆದಿರುವುದರಿಂದ ಈ ಲೆಕ್ಕ ತೊಡಕಿನದು. ಆ ಹೆಣಿಗೆಯನ್ನು ಬಿಡಿಸಿ ಚಾನೆಲ್, ಪಟ್ಟಿ, ಸಾಲು, ಕಂಬಗಳನ್ನು ಹೇಳುವುದೇ ಲಿನಕ್ಸ್‌ನ ಇಡ್ಯಾಕ್ ಚಾಲಕಗಳ ಕೆಲಸ.

ಫರ್ಮ್‌ವೇರ್ ಬರೆದ ಕಾಗದ

ಪ್ರತಿ ತಯಾರಕರೂ ತಮ್ಮದೇ ರೀತಿಯಲ್ಲಿ ದೋಷ ಬರೆದರೆ ಕರ್ನಲ್‌ಗೆ ಎಲ್ಲರ ಭಾಷೆಯೂ ಗೊತ್ತಿರಬೇಕಾಗುತ್ತದೆ. ಇದಕ್ಕಾಗಿ, ಫರ್ಮ್‌ವೇರ್ (ಯಂತ್ರದೊಳಗೇ ಅಡಕವಾಗಿದ್ದು ಕರ್ನಲ್‌ಗಿಂತ ಮೊದಲು ಚಾಲೂ ಆಗುವ ಪ್ರೋಗ್ರಾಂ) ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಯುಇಎಫ್‌ಐ ನಿರ್ದಿಷ್ಟತೆಯಲ್ಲಿ ಒಂದು ಸಾಮಾನ್ಯ ನಮೂನೆ ಇದೆ. ಅದರ ಹೆಸರು ಸಿಪಿಇಆರ್. 128 ಬೈಟ್‌ಗಳ ತಲೆಬರಹ, ಅದರ ಹಿಂದೆ ಪ್ರತಿ ವಿಭಾಗಕ್ಕೂ 72 ಬೈಟ್‌ಗಳ ಪರಿಚಯ, ಆಮೇಲೆ ವಿಭಾಗಗಳು. ಮೆಮೊರಿ ದೋಷಕ್ಕೆ ಒಂದು ವಿಭಾಗ, ಪಿಸಿಐ ಎಕ್ಸ್‌ಪ್ರೆಸ್ ದೋಷಕ್ಕೆ ಇನ್ನೊಂದು, ಹೀಗೆ. ಪರಿಚಯವಿಲ್ಲದ ವಿಭಾಗ ಬಂದರೂ ಅದರ ಉದ್ದ ಗೊತ್ತಿರುವುದರಿಂದ ದಾಟಿ ಮುಂದೆ ಹೋಗಬಹುದು. ಯಾವ ಯಾವ ಅಂಕಣ ನಂಬಲರ್ಹ ಎಂದು ಹೇಳುವ ಬಿಟ್‌ಗಳು ಇಲ್ಲೂ ಇವೆ.

ಇದರಲ್ಲಿ ಎಡವಲು ಒಂದು ಜಾಗ ಇದೆ. ತೀವ್ರತೆಯ ಸಂಕೇತದಲ್ಲಿ 0 ಎಂದರೆ ಚೇತರಿಸಿಕೊಳ್ಳಬಹುದಾದದ್ದು, 1 ಪ್ರಾಣಾಂತಿಕ, 2 ತಿದ್ದಿದ್ದು, 3 ಬರೀ ಮಾಹಿತಿ. ಸಂಖ್ಯೆ ಏರಿದಂತೆ ಗಂಭೀರತೆ ಏರುತ್ತದೆಂದು ಭಾವಿಸಿ ಹೋಲಿಸಿದರೆ, ಬರೀ ಮಾಹಿತಿಗೆ ಯಂತ್ರ ನಿಲ್ಲಿಸಿ, ಪ್ರಾಣಾಂತಿಕ ದೋಷವನ್ನು ದಾಟಿಬಿಡುವ ಕೋಡ್ ಬರೆದಂತಾಗುತ್ತದೆ. ಲಿನಕ್ಸ್ ಮೊದಲು ಇದನ್ನು ತನ್ನದೇ ಏರುಕ್ರಮಕ್ಕೆ ಬದಲಿಸಿಕೊಂಡು ಆಮೇಲೆ ನಿರ್ಧರಿಸುತ್ತದೆ. ಹಾಗೆಯೇ ಉದ್ದಗಳನ್ನೂ ಪರೀಕ್ಷಿಸುತ್ತದೆ. ಫರ್ಮ್‌ವೇರ್ ಬರೆದ ಕಾಗದ ಎಂದು ಕಣ್ಣುಮುಚ್ಚಿ ಓದಿದರೆ, ತಪ್ಪು ಉದ್ದ ನಮೂದಾಗಿದ್ದಾಗ ಕರ್ನಲ್ ಬೇರೆಯವರ ಮೆಮೊರಿಗೆ ಕೈ ಹಾಕಿಬಿಡುತ್ತದೆ. ದೋಷ ವರದಿ ಮಾಡಲು ಹೋಗಿ ಹೊಸ ದೋಷ ತಂದುಕೊಳ್ಳುವುದು ಸಲ್ಲದು.

ಫರ್ಮ್‌ವೇರ್‌ಗೂ ಕರ್ನಲ್‌ಗೂ ನಡುವಿನ ಒಪ್ಪಂದ ಎಸಿಪಿಐ ನಿರ್ದಿಷ್ಟತೆಯ ನಾಲ್ಕು ಕೋಷ್ಟಕಗಳಲ್ಲಿದೆ. ದೋಷಗಳು ಎಲ್ಲಿಂದ, ಹೇಗೆ ವರದಿಯಾಗುತ್ತವೆ ಎಂಬುದು ಹೆಸ್ಟ್ ಕೋಷ್ಟಕದಲ್ಲಿ. ಹಿಂದಿನ ಬಾರಿ ಯಂತ್ರ ನಿಂತಾಗ ಯಾರೂ ಕೇಳಿಸಿಕೊಳ್ಳದ ದೋಷಗಳು ಬರ್ಟ್‌ನಲ್ಲಿ. ಪರೀಕ್ಷೆಗಾಗಿ ಬೇಕೆಂದೇ ದೋಷ ಹುಟ್ಟಿಸುವ ದಾರಿ ಐಂಜ್‌ನಲ್ಲಿ. ವರ್ಷಕ್ಕೊಮ್ಮೆಯೂ ಓಡದ ಕೋಡ್ ಸರಿಯಿದೆಯೇ ಎಂದು ತಿಳಿಯಲು ಅದೊಂದೇ ನೆಚ್ಚಿನ ಉಪಾಯ. ನಾಲ್ಕನೆಯದು ಎರ್ಸ್ಟ್. ದಾಖಲೆಯನ್ನು ವಿದ್ಯುತ್ ಹೋದರೂ ಅಳಿಯದ ಜಾಗದಲ್ಲಿ ಬರೆಯಲು, ಓದಲು, ಅಳಿಸಲು ಅದು ಅವಕಾಶ ಕೊಡುತ್ತದೆ. ರಿಜಿಸ್ಟರ್‌ಗಳನ್ನು ನೆಚ್ಚಿಕೊಂಡಾಗ ಇದ್ದ "ವಿದ್ಯುತ್ ಕಡಿಯಬಾರದು" ಎಂಬ ಷರತ್ತು ಇಲ್ಲಿ ಇಲ್ಲ.

ಲಿನಕ್ಸ್‌ನಲ್ಲಿ 2011ರಲ್ಲಿ ಬಂದ ಪಿಸ್ಟೋರ್ ಎಂಬ ಕಡತ ವ್ಯವಸ್ಥೆ ಈ ಜಾಗವನ್ನು ಸಾಮಾನ್ಯ ಕಡತಗಳಂತೆ ತೋರಿಸುತ್ತದೆ. ಕಡತ ಅಳಿಸಿದರೆ ಒಳಗಿನ ದಾಖಲೆಯೂ ಹೋಗುತ್ತದೆ. ಈ ಜಾಗ ಕಿರಿದು. ಅಳಿಸದೆ ಬಿಟ್ಟರೆ ತುಂಬಿಕೊಂಡು, ಮುಂದಿನ ದಾಖಲೆಗೆ ಸ್ಥಳವೇ ಇರುವುದಿಲ್ಲ. ಎರ್ಸ್ಟ್ ಇಲ್ಲದ ಯಂತ್ರಗಳಲ್ಲಿ ಯುಇಎಫ್‌ಐ ಚರಾಂಶಗಳ ಜಾಗವನ್ನು, ಅಂದರೆ ಫರ್ಮ್‌ವೇರ್ ತನ್ನ ಸೆಟ್ಟಿಂಗ್‌ಗಳನ್ನು ಉಳಿಸಿಕೊಳ್ಳುವ ಜಾಗವನ್ನು, ಬಳಸಬಹುದು. ಆದರೆ 2013ರ ಹೊತ್ತಿಗೆ ಕೆಲವು ಲ್ಯಾಪ್‌ಟಾಪ್ ಮಾದರಿಗಳಲ್ಲಿ ಆ ಜಾಗ ತುಂಬಿಹೋದರೆ ಯಂತ್ರ ಮತ್ತೆ ಚಾಲೂ ಆಗುವುದೇ ಇಲ್ಲ ಎಂಬುದು ಬೆಳಕಿಗೆ ಬಂತು. ಸಾವಿನ ಕಾರಣ ಬರೆಯಲು ಹೋಗಿ ಯಂತ್ರವನ್ನೇ ಕೊಂದಂತಾಯಿತು. ಅಂದಿನಿಂದ ಕರ್ನಲ್ ಆ ಜಾಗದಲ್ಲಿ ಒಂದಿಷ್ಟನ್ನು ಮುಟ್ಟದೆ ಬಿಡುತ್ತದೆ.

ಇದೆಲ್ಲದರ ಜೊತೆ ಒಂದು ವಿವಾದವೂ ಇದೆ: ದೋಷವನ್ನು ಮೊದಲು ನೋಡುವವರು ಯಾರು? ಅನೇಕ ಸರ್ವರ್‌ಗಳಲ್ಲಿ ಫರ್ಮ್‌ವೇರೇ ಮೊದಲು ಎತ್ತಿಕೊಂಡು, ತನಗೆ ಸರಿಕಂಡಾಗ ಕರ್ನಲ್‌ಗೆ ಸಿಪಿಇಆರ್ ನಮೂನೆಯಲ್ಲಿ ದಾಟಿಸುತ್ತದೆ. ಯಂತ್ರದ ಒಳಹೆಣಿಗೆ ಫರ್ಮ್‌ವೇರ್‌ಗೇ ಚೆನ್ನಾಗಿ ಗೊತ್ತು ಎಂಬುದು ಇದರ ಪರವಾದ ವಾದ, ಅದರಲ್ಲಿ ಹುರುಳಿದೆ. ಆದರೆ ತಿದ್ದಿದ ದೋಷಗಳು ಒಂದು ಮಿತಿ ಮುಟ್ಟುವವರೆಗೆ ಫರ್ಮ್‌ವೇರ್ ಬಾಯಿ ಬಿಡದಿದ್ದರೆ, ಕರ್ನಲ್‌ನ ಪುಟವಾರು ಎಣಿಕೆಗೆ ಆಧಾರವೇ ಇರುವುದಿಲ್ಲ. ನಾನಂತೂ ಕರ್ನಲ್‌ಗೆ ಎಲ್ಲವೂ ತಿಳಿಯಬೇಕು ಎನ್ನುವವರ ಪಕ್ಷ. ಯಾವ ಪುಟದಲ್ಲಿ ಯಾರ ಮಾಹಿತಿ ಇದೆ ಎಂದು ಬಲ್ಲದ್ದು ಅದೊಂದೇ.

ದಾಖಲೆಯೇ ಹುಟ್ಟದಿದ್ದರೆ? ಬೆಲ್ಜಿಯಂನ ಸ್ಖಾರ್ಬೇಕ್‌ನಲ್ಲಿ 2003ರ ಚುನಾವಣೆಯ ಮತ ಎಣಿಸುವಾಗ ಅಭ್ಯರ್ಥಿಯೊಬ್ಬರಿಗೆ 4096 ಮತಗಳು ಹೆಚ್ಚಾಗಿ ಬಂದಿದ್ದವು. ಅದು ಎರಡರ ಹನ್ನೆರಡನೆಯ ಘಾತ, ಅಂದರೆ ಸರಿಯಾಗಿ ಒಂದು ಬಿಟ್‌ನ ಬೆಲೆ. ಸಾಧ್ಯವಿದ್ದದ್ದಕ್ಕಿಂತ ಹೆಚ್ಚು ಮತ ಕಂಡದ್ದರಿಂದ ಮಾತ್ರ ಅದು ಸಿಕ್ಕಿಬಿತ್ತು. ಬಿಟ್ ತಾನಾಗಿ ಮಗುಚಿರಬೇಕು ಎಂದು ತಜ್ಞರು ಊಹಿಸಬೇಕಾಯಿತು, ಏಕೆಂದರೆ ಯಂತ್ರ ಏನನ್ನೂ ಬರೆದಿಟ್ಟಿರಲಿಲ್ಲ. 2021ರಲ್ಲಿ ಗೂಗಲ್ ಮತ್ತು ಫೇಸ್‌ಬುಕ್ ಎಂಜಿನಿಯರ್‌ಗಳು ಬೇರೆ ಬೇರೆಯಾಗಿ ಪ್ರಕಟಿಸಿದ ಲೇಖನಗಳಲ್ಲಿ ಇನ್ನೂ ಆತಂಕದ ಸಂಗತಿ ಇತ್ತು. ಕೆಲವು ಪ್ರೊಸೆಸರ್ ಕೋರ್‌ಗಳು (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕಗಳು) ಕೆಲವು ಲೆಕ್ಕಗಳನ್ನು ಸದ್ದಿಲ್ಲದೆ ತಪ್ಪು ಮಾಡುತ್ತವೆ. ಎಕ್ಸೆಪ್ಷನ್ ಇಲ್ಲ, 63ನೆಯ ಬಿಟ್ ಹೊತ್ತುವುದಿಲ್ಲ.

ಅಂಥಲ್ಲಿ ಹೇಳಿಕೆಗಾಗಿ ಕಾಯುತ್ತ ಕೂತರೆ ಆಗದು, ಕರ್ನಲ್ ತಾನೇ ವಿಚಾರಣೆಗೆ ಇಳಿಯಬೇಕು. 2022ರಲ್ಲಿ ಬಂದ ಲಿನಕ್ಸ್ 5.19ರಲ್ಲಿ, ಬೆಂಬಲವಿರುವ ಇಂಟೆಲ್ ಸರ್ವರ್ ಪ್ರೊಸೆಸರ್‌ಗಳ ಕೋರ್ ಒಂದನ್ನು ಯಂತ್ರ ಓಡುತ್ತಿರುವಾಗಲೇ ಪರೀಕ್ಷೆಗೆ ಒಡ್ಡುವ ಚಾಲಕ ಸೇರಿತು. ಆ ಕೋರ್ ಕ್ಷಣಕಾಲ ಬೇರೆ ಕೆಲಸ ಬಿಟ್ಟು ಪರೀಕ್ಷೆ ಬರೆಯುತ್ತದೆ. ಫಲಿತಾಂಶ ಒಂದು ಸ್ಥಿತಿ ಕಡತದಲ್ಲಿ ಉಳಿಯುತ್ತದೆ: ಪಾಸ್, ಫೇಲ್, ಅಥವಾ ಪರೀಕ್ಷೆ ಪೂರ್ತಿಯಾಗಲಿಲ್ಲ.